ಕೈಸೇರದ ಪದಕಗಳ ಕುರಿತು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ 1965 ಅಥವಾ 1971ರ ಯುದ್ಧದಲ್ಲಿ ಸೇವೆಗೈದೂ ಸಲ್ಲಬೇಕಾದ ಪದಕವನ್ನು ಕಾಣದ ಹಿರಿಯರಿದ್ದರೆ, ಹಳೆಯ ದಾಖಲೆ ನಷ್ಟವಾಗಿದೆಯೆಂಬ ಒಂದೇ ಉತ್ತರಕ್ಕೆ ಅವರ ಮಕ್ಕಳು ಮೊಮ್ಮಕ್ಕಳು ಕೈಚೆಲ್ಲಿ ಕೂಡ್ರಬಾರದೆಂದು ನನ್ನ ವಿನಂತಿ. 1973ರ ಜುಲೈಯಲ್ಲಿ ಅಮೇರಿಕದ ಸೇಂಟ್ ಲೂಯಿಸ್ ಸಮೀಪದ ದಾಖಲಾಗಾರದಲ್ಲಿ ಒಂದೂವರೆ ಕೋಟಿಗೂ ಮಿಕ್ಕ ಕಡತಗಳು ಅಗ್ನಿಗಾಹುತಿಯಾದಾಗ, ವೇತನಪಟ್ಟಿಯೇ ಮೊದಲಾದ ಅನ್ಯ ಕಾಗದಗಳ ಆಧಾರದಿಂದ ಎಷ್ಟೋ ಸೈನಿಕರ ಸೇವಾವೃತ್ತಾಂತವನ್ನು ಪುನಃ ಕಟ್ಟಲಾಯಿತು.

ನಮ್ಮಲ್ಲಿ ಅಂಥ ಆಧಾರವು ಬಹುಶಃ ಮನೆಯ ಟ್ರಂಕಿನಲ್ಲಿಯೇ ಇದ್ದೀತು: ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ. ಸೈನಿಕ ಸಂಖ್ಯೆಯೊಂದು ದೊರೆತರೆ ಅರ್ಧ ಕಾರ್ಯ ಕೈಗೂಡಿದಂತೆಯೇ. ಅರ್ಜಿಯನ್ನು ಹಿರಿಯರ ದಳದ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾ ಲಘು ಪದಾತಿದಳದವರ ಆಫೀಸು ಬೆಳಗಾವಿಯಲ್ಲಿದೆ. ಮದ್ರಾಸ್ ಇಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲಿ.

ವಿಳಾಸದ ವಿಷಯದಲ್ಲಿ ಮಾತ್ರ ವಿಶೇಷ ಜಾಗರೂಕತೆ ಬೇಕು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಸೇನೆ ಸೇರಿದವರನ್ನು ಧಾರವಾಡ ಜಿಲ್ಲೆಯವರೆಂದೇ ಬರೆದುಕೊಂಡಿರಬೇಕು. ಎರಡನೆಯ ಮಹಾಯುದ್ಧಕ್ಕೆ ತೆರಳಿದ ಲಕ್ಷ್ಮೇಶ್ವರದವರಾದರೋ ಮಿರಜ ಸಂಸ್ಥಾನದ, ಶಿರಹಟ್ಟಿಯವರು ಸಾಂಗಲಿ ಸಂಸ್ಥಾನದ ಪ್ರಜೆಗಳಾಗಿದ್ದರು. ಆದುದರಿಂದ ಅರ್ಜಿಯಲ್ಲಿ ಹಳೆಯ ಹೊಸ ವಿಳಾಸಗಳೆರಡನ್ನೂ, ಹೆಸರನ್ನು ಅಂದು ದಾಖಲಾದ ಅಕ್ಷರಗಳಲ್ಲಿಯೇ, ನಮೂದಿಸಿರಿ. ಹಿರಿಯರು ಯಾವ ರಣರಂಗದಲ್ಲಿದ್ದರೆಂಬುದನ್ನು ಅವರನ್ನೇ ಸಾವಧಾನವಾಗಿ ಕೇಳಿ ಬರೆದುಕೊಳ್ಳಿರಿ. ಏಕೆಂದರೆ 1971ರ ಪೂರ್ವ ರಂಗಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಕ್ಕೆ ಪಶ್ಚಿಮಿ ಸ್ಟಾರ್ ಎಂದು ಪದಕಗಳೇ ಬೇರೆ. ಈ ಕೇಳುವ ಕೆಲಸವನ್ನು ನಾಳೆಗೆ ಮುಂದೂಡಬೇಡಿರಿ, ಅವರಿಗೆ ವಯಸ್ಸಾಗಿದೆ. ಮೂಲಪತ್ರಗಳನ್ನು ಯಾರಿಗೂ ಒಪ್ಪಿಸದೆ ಪ್ರತಿಗಳನ್ನಷ್ಟೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀತಿಯನ್ನು ಜೋಪಾನವಾಗಿಡಿರಿ. ಸೈನಿಕ ಕಲ್ಯಾಣ ಇಲಾಖೆಯ ಸಹಾಯವನ್ನು ಕೇಳಲು ಸಂಕೋಚಪಡಬೇಡಿರಿ.