ದೊಡ್ಡ ಮನೆ ಬಿಡುವ ಮುಂಚೆ

ಅಳಿಯಾ,

ಮೊನ್ನೆ ಫೋನಿನಲ್ಲಿ "ಮಾವ, ಇಲ್ಲಿ ಆಡಿಸ್ತಿಲ್ಲ, ಒಂದು ಸಣ್ಣ ಕ್ಲಬ್ಬಿನವರು ಕರೀತಿದ್ದಾರೆ, ಬಿಟ್ಟುಬಿಡಲಾ?" ಅಂತ ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮಮ್ಮ ಫೋನ್ ಕಿತ್ತುಕೊಂಡು, "ಅಣ್ಣಾ, ಅಂಥ ಕ್ಲಬ್ಬಿನಲ್ಲಿ ಜಾಗ ಸಿಗೋಕೆ ಎಷ್ಟು ಹುಡುಗರು ಕಾಯ್ತಿದ್ದಾರೆ, ನೀನೇ ಇವನಿಗೆ ಬುದ್ಧಿ ಹೇಳು" ಅಂದಳು. ಅವಳ ಹೆದರಿಕೆ ನನಗೆ ಅರ್ಥವಾಗುತ್ತದೆ. ನಿನ್ನ ಸಂಕಟ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲ ಅಂತ ಬರೆಯುತ್ತಿದ್ದೇನೆ.

ನಿನ್ನ ಕೋಣೆಯ ಗೋಡೆ ಮೇಲೆ ಕೆವಿನ್ ಡಿ ಬ್ರೂಯ್ನ್ ಇದ್ದಾನಲ್ಲ, ಮ್ಯಾಂಚೆಸ್ಟರ್ ಸಿಟಿಯ ತಿಳಿನೀಲಿ ಅಂಗಿ ತೊಟ್ಟುಕೊಂಡು. ಅದಕ್ಕೆ ಮುಂಚೆ ಅವನು ಚೆಲ್ಸಿಯ ಕಡುನೀಲಿ ಅಂಗಿ ತೊಟ್ಟಿದ್ದ. 2012ರ ಜನವರಿಯಲ್ಲಿ ಬೆಲ್ಜಿಯಂನ ಗೆಂಕ್ ಕ್ಲಬ್ಬಿನಿಂದ ಚೆಲ್ಸಿ ಅವನನ್ನು ಕೊಂಡಾಗ ಅವನಿಗೆ 20 ವರ್ಷ. ಒಂದು ಸೀಸನ್ ಜರ್ಮನಿಯ ವೆರ್ಡರ್ ಬ್ರೆಮೆನ್‌ಗೆ ಲೋನ್ ಮೇಲೆ ಕಳಿಸಿದರು. ಅಲ್ಲಿ ಲೀಗ್‌ನಲ್ಲಿ 10 ಗೋಲು ಹೊಡೆದು ವಾಪಸ್ ಬಂದ. 2013ರ ಆಗಸ್ಟ್‌ನಲ್ಲಿ ಹಲ್ ಸಿಟಿ ವಿರುದ್ಧ ಸೀಸನ್ನಿನ ಮೊದಲ ಮ್ಯಾಚಿನಲ್ಲೇ ಆಸ್ಕರ್‌ಗೆ ಗೋಲಿನ ಪಾಸು ಕೊಟ್ಟ. ಇನ್ನೇನು ಕಾಲೂರಿದ ಅನ್ನುವಷ್ಟರಲ್ಲಿ ಬೆಂಚು ಸೇರಿದ. ಅರ್ಧ ಸೀಸನ್ ಕಳೆದರೂ ಲೀಗ್‌ನಲ್ಲಿ ಆಡಿದ್ದು ಬರೀ ಮೂರು ಮ್ಯಾಚು.

ಆಮೇಲೆ ನಡೆದದ್ದನ್ನು ಅವನೇ 2019ರಲ್ಲಿ ಬರೆದುಕೊಂಡಿದ್ದಾನೆ. ಕೋಚ್ ಜೋಸೆ ಮೊರಿನ್ಹೊ ಕೋಣೆಗೆ ಕರೆದು, ಅವನ ಗೋಲು, ಅವನ ಅಸಿಸ್ಟು ಓದಿ, ಅದೇ ಜಾಗಕ್ಕೆ ಆಡುವ ಮಿಕ್ಕವರ ಲೆಕ್ಕವನ್ನೂ ಓದಿದರಂತೆ. ಅವರೆಲ್ಲ ಹದಿನೈದು ಇಪ್ಪತ್ತು ಮ್ಯಾಚ್ ಆಡಿದ್ದಾರೆ, ನಾನು ಆಡಿದ್ದು ಮೂರು, ಲೆಕ್ಕ ಒಂದೇ ಹೇಗಾಗುತ್ತದೆ ಅಂತ ಇವನು ಕೇಳಿದನಂತೆ. ಹುವಾನ್ ಮಾಟಾ ಕ್ಲಬ್ ಬಿಟ್ಟರೆ ನೀನು ಆರನೆಯವನಿಂದ ಐದನೆಯವನಾಗುತ್ತೀ ಅನ್ನುವ ಮಾತೂ ಬಂತು. ಆ ಮಾಟಾ ಯಾರು? ಹಿಂದಿನ ಎರಡು ಸೀಸನ್‌ಗಳಲ್ಲೂ ಚೆಲ್ಸಿಯ ವರ್ಷದ ಆಟಗಾರ ಅನಿಸಿಕೊಂಡವನು. ಅಂಥವನಿಗೇ ಆ ಮನೆಯಲ್ಲಿ ಜಾಗ ಗಟ್ಟಿಯಿರಲಿಲ್ಲ. ಇದನ್ನು ಓದಿದ ದಿನ ನಾನು ಸುಮ್ಮನೆ ಕೂತುಬಿಟ್ಟೆ. ಇಪ್ಪತ್ತೆರಡರ ಹುಡುಗನ ಮುಂದೆ ಇದ್ದ ಭರವಸೆ ಆರರಿಂದ ಐದಕ್ಕೆ ಏರುವುದು! ನಾನು ಆಡಬೇಕು, ನನ್ನನ್ನು ಮಾರಿಬಿಡಿ ಅಂತ ಅವನು ನೇರವಾಗಿ ಕೇಳಿದ.

ಮೊರಿನ್ಹೊ ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಬರುವ ಶನಿವಾರದ ಮ್ಯಾಚ್ ಗೆಲ್ಲುವುದು ಕೋಚ್‌ನ ಕೆಲಸ. ನೀನು ಮೂರು ವರ್ಷದ ಮೇಲೆ ಏನಾಗುತ್ತೀಯ ಅನ್ನುವುದು ನಿನ್ನ ಕೆಲಸ. ದೊಡ್ಡ ಕ್ಲಬ್ಬಿನಲ್ಲಿ ಒಂದೊಂದು ಜಾಗಕ್ಕೆ ಮೂವರು ನಾಲ್ವರು ಗಟ್ಟಿ ಆಟಗಾರರಿರುತ್ತಾರೆ, ಅಂಗಳಕ್ಕೆ ಇಳಿಯುವವರು ಹನ್ನೊಂದೇ ಜನ. ನಿನ್ನ ಕೋಚ್ ಮೇಲೆ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡಿದ್ದೀಯ, ನಿನ್ನ ದನಿಯಲ್ಲೇ ಗೊತ್ತಾಯಿತು. ಅದನ್ನು ಮೊದಲು ತೆಗೆದುಹಾಕು. ಸಿಟ್ಟಿನಲ್ಲಿ ಬಿಟ್ಟವನು ಹೋದ ಕಡೆಯೂ ಅದೇ ಸಿಟ್ಟನ್ನು ಹೊತ್ತುಕೊಂಡೇ ಆಡುತ್ತಾನೆ.

ಡಿ ಬ್ರೂಯ್ನ್ ಹೋಗಿದ್ದು ವೋಲ್ಫ್ಸ್‌ಬರ್ಗ್‌ಗೆ, 2014ರ ಜನವರಿಯಲ್ಲಿ. ಅದು ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಊರು. ಕ್ಲಬ್ಬು ಬೆಳೆದದ್ದೂ ಆ ಕಾರ್ಖಾನೆಯ ನೌಕರರ ನಡುವೆಯೇ. ಲಂಡನ್ ಬಿಟ್ಟು ಅಲ್ಲಿಗಾ ಅಂತ ಕೇಳಿದವರು ಇದ್ದೇ ಇರುತ್ತಾರೆ. ಅವನಿಗೆ ಬೇಕಿದ್ದದ್ದು ವಾರ ವಾರವೂ ತೊಂಬತ್ತು ನಿಮಿಷ. ಅದೇ ವರ್ಷದ ವಿಶ್ವಕಪ್‌ನಲ್ಲಿ ಬೆಲ್ಜಿಯಂ ಕ್ವಾರ್ಟರ್‌ಫೈನಲ್ ಮುಟ್ಟಿತು. ಅಮೆರಿಕದ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಮೊದಲ ಗೋಲು ಇವನದೇ. 2015ರಲ್ಲಿ ವೋಲ್ಫ್ಸ್‌ಬರ್ಗ್ ಮೊತ್ತಮೊದಲ ಸಲ ಜರ್ಮನ್ ಕಪ್ ಗೆದ್ದಿತು, ಇವನು ಜರ್ಮನಿಯ ವರ್ಷದ ಆಟಗಾರನಾದ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಸಿಟಿ ಕರೆದುಕೊಂಡಿತು. ಉಳಿದದ್ದು ನಿನಗೆ ಬಾಯಿಪಾಠ.

ಬೆಂಚು ಏನನ್ನು ಕಿತ್ತುಕೊಳ್ಳುತ್ತದೆ ಅಂತ ನನಗೆ ಗೊತ್ತು ಕಣೋ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ತಂಡಕ್ಕೆ ನನ್ನನ್ನು ತೆಗೆದುಕೊಂಡರು. ಆಟದ ಜೊತೆಗೆ ಕೆಲಸ, ಕ್ವಾರ್ಟರ್ಸು, ಕ್ಯಾಂಟೀನ್ ಊಟ. ನಿಮ್ಮಜ್ಜಿ ಬೀದಿಗೆಲ್ಲ ಸಿಹಿ ಹಂಚಿದ್ದಳು. ಎರಡು ಸೀಸನ್ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಗೆದಿಟ್ಟ ಜೆರ್ಸಿ ಹಾಕಿಕೊಂಡು ಕೂತೆ, ಹಾಗೇ ಮಡಚಿಕೊಂಡು ಬಂದೆ. ಒಂದು ಸಣ್ಣ ತಂಡದವರು ಮನೆಗೇ ಬಂದು ಕರೆದರು. ತಂಡ ಬಿಟ್ಟರೆ ಕೆಲಸವೂ ಹೋಗುತ್ತಿತ್ತು, ಹೋಗಲಿಲ್ಲ. ಮೂರನೇ ವರ್ಷ ಅವಕಾಶ ಸಿಕ್ಕಿದಾಗ ಕಾಲು ಓಡುತ್ತಿತ್ತು, ಉಸಿರು ಗಟ್ಟಿಯಿತ್ತು. ಆದರೆ ಚೆಂಡು ಬರುವ ಮುಂಚೆಯೇ ಯಾರು ಎಲ್ಲಿ ಖಾಲಿ ಇದ್ದಾರೆ ಅಂತ ಕಾಣುತ್ತಿತ್ತಲ್ಲ, ಆ ನೋಟ ಹೋಗಿತ್ತು. ಅಭ್ಯಾಸದಲ್ಲಿ ಎಷ್ಟು ಬೆವರು ಹರಿಸಿದರೂ ಅದು ಬರುವುದಿಲ್ಲ. ಸೋಲುವ ಭಯವಿರುವ ಮ್ಯಾಚಿನಲ್ಲಿ ಮಾತ್ರ ಅದು ಬೆಳೆಯುತ್ತದೆ. ನಿನ್ನಂಥ ಮಿಡ್‌ಫೀಲ್ಡರ್‌ಗೆ ಅದೇ ಬಂಡವಾಳ.

ಹಾಗಂತ ಬಿಟ್ಟವರೆಲ್ಲ ಗೆದ್ದರು ಅಂದುಕೊಳ್ಳಬೇಡ. ಅದೇ ಬೆಲ್ಜಿಯಂನ ಏಡನ್ ಹಜಾರ್ಡ್ ಅದೇ ಚೆಲ್ಸಿಯಲ್ಲಿ ಏಳು ವರ್ಷ ಮೆರೆದ. 2019ರಲ್ಲಿ ಇನ್ನೂ ದೊಡ್ಡದು ಅಂತ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಗಾಯದ ಮೇಲೆ ಗಾಯ. ನಾಲ್ಕು ಸೀಸನ್‌ನಲ್ಲಿ 76 ಮ್ಯಾಚು, 7 ಗೋಲು. 32ನೇ ವಯಸ್ಸಿಗೆ ಬೂಟು ಬಿಚ್ಚಿಟ್ಟ. ಅವನ ಆಸೆಯನ್ನು ನಾನು ಹಳಿಯಲಾರೆ, ಮೂಳೆಯ ಮೇಲೆ ಯಾರ ಹಿಡಿತ ಇದೆ? ನೀನು ಹೋಗುವುದು ಮ್ಯಾಚಿಗಾಗಿಯೋ ಹೆಸರಿಗಾಗಿಯೋ ಅನ್ನುವುದನ್ನಾದರೂ ಒಂಟಿಯಾಗಿ ಕೂತು ಯೋಚಿಸು.

ಬಿಡುವ ಹಕ್ಕೂ ಪುಕ್ಕಟೆ ಬಂದದ್ದಲ್ಲ. ಬೆಲ್ಜಿಯಂನಲ್ಲೇ ಜಾನ್ ಮಾರ್ಕ್ ಬೋಸ್ಮನ್ ಅಂತ ಒಬ್ಬ ಇದ್ದ. 1990ರಲ್ಲಿ ಲಿಯೇಜ್ ಕ್ಲಬ್ಬಿನ ಜೊತೆ ಅವನ ಒಪ್ಪಂದ ಮುಗಿದಿತ್ತು. ಆದರೂ ಫ್ರಾನ್ಸಿನ ಡಂಕರ್ಕ್‌ಗೆ ಆಡಲು ಹೋಗಲಾಗಲಿಲ್ಲ, ಟ್ರಾನ್ಸ್‌ಫರ್ ಹಣದ ಜಗಳ. ಐದು ವರ್ಷ ಕೋರ್ಟಿಗೆ ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರನನ್ನು ಹಣಕ್ಕಾಗಿ ಕಟ್ಟಿಹಾಕುವಂತಿಲ್ಲ ಅಂತಾಯಿತು. ಅಷ್ಟರಲ್ಲಿ ಅವನ ಆಡುವ ವಯಸ್ಸೇ ಕಳೆದಿತ್ತು. ಈಗ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ಬಿಗೆ ಸಹಿ ಹಾಕಬಹುದು ಅಂತ ಫಿಫಾ ನಿಯಮವೇ ಇದೆ. ನಿನ್ನದು ಯಾವತ್ತು ಮುಗಿಯುತ್ತದೆ? ಏಜೆಂಟ್ ಹೇಳಿದ್ದನ್ನು ನಂಬಬೇಡ, ಕಾಗದದಲ್ಲಿ ನೋಡು.

ಕೋಚ್ ಹತ್ತಿರ ಒಂದು ಸಲ ಹೋಗಿ ಕೇಳು, ತಲೆ ತಗ್ಗಿಸದೆ, ದನಿ ಏರಿಸದೆ: "ಸಾರ್, ನನ್ನ ಜಾಗಕ್ಕೆ ನಾನು ಎಷ್ಟನೆಯವನು?" ಎರಡನೆಯವನು ಅಂದರೆ ಇನ್ನೊಂದು ಸೀಸನ್ ಕಾಯಬಹುದು. ಲೋನ್ ಮೇಲೆ ಕಳಿಸುತ್ತೀರಾ ಅಂತಲೂ ಕೇಳಿ ನೋಡು. ಕರೆಯುತ್ತಿರುವ ಆ ಸಣ್ಣ ಕ್ಲಬ್ಬಿನ ಕೋಚ್ ಹತ್ತಿರ ಸಂಬಳದ ಮಾತಿಗೆ ಮುಂಚೆ, ನನ್ನನ್ನು ಎಲ್ಲಿ ಆಡಿಸುತ್ತೀರಿ ಅಂತ ತಿಳಿದುಕೋ. ಮಿಡ್‌ಫೀಲ್ಡ್‌ಗೆ ಅಂತ ಕರೆದು ವಿಂಗ್‌ನಲ್ಲಿ ನಿಲ್ಲಿಸುವವರೂ ಇದ್ದಾರೆ.

ಈ ವರ್ಷ ಯಾವ ಮ್ಯಾಚಿನಲ್ಲಿ ಎಷ್ಟು ನಿಮಿಷ ಆಡಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು, ಒಪ್ಪಂದದ ಪ್ರತಿಯ ಜೊತೆ ಭಾನುವಾರ ಮನೆಗೆ ಬಾ. ನಿಮ್ಮಮ್ಮನನ್ನೂ ಕರೆದುಕೊಂಡು ಬಾ. ಆ ಎರಡು ಸೀಸನ್‌ನ ಕಥೆ ಅವಳಿಗೂ ನಾನು ಇದುವರೆಗೆ ಹೇಳಿಲ್ಲ.

ನಿನ್ನ ಮಾವ