ಮೀನು ತರುವ ಮೊದಲು ಟ್ಯಾಂಕ್ ಒಂದು ತಿಂಗಳು ಓಡಲಿ

ಮಂಗಳೂರಿನ ಹಂಪನಕಟ್ಟೆಗೆ ಬಂದು ಗಾಜಿನ ಟ್ಯಾಂಕ್, ಬಣ್ಣದ ಕಲ್ಲು, ಫಿಲ್ಟರ್, ಅರ್ಧ ಡಜನ್ ಗೋಲ್ಡ್‌ಫಿಶ್ ಎಲ್ಲವನ್ನೂ ಒಂದೇ ಸಂಜೆ ಕೊಂಡು ಮನೆಗೆ ಹೋಗುವವರು ಬಹಳ. ಹದಿನೈದು ದಿನದೊಳಗೆ ಮೀನುಗಳು ಒಂದೊಂದಾಗಿ ಮಗುಚಿ ಬೀಳುತ್ತವೆ. ಬೈಗುಳ ಅಂಗಡಿಯವನಿಗೆ. 1969ರಿಂದ ಮೀನುಗಾರಿಕಾ ಕಾಲೇಜು ಇರುವ ಊರಿನಲ್ಲಿ ಇಷ್ಟು ಮೀನು ಸುಮ್ಮನೆ ಸಾಯಬಾರದು.

1. ಟ್ಯಾಂಕ್: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ತನ್ನಿ. ಸುಮಾರು 50 ಲೀಟರ್ ಹಿಡಿಯುತ್ತದೆ. ನೀರು, ಕಲ್ಲು ಸೇರಿದರೆ 60 ಕಿಲೋ ದಾಟುವುದರಿಂದ ಗಟ್ಟಿ ಮೇಜು ಬೇಕು. ಬಿಸಿಲು ಬೀಳುವ ಕಿಟಕಿ ಬೇಡ, ಪಾಚಿ ಹಿಡಿಯುತ್ತದೆ. ದುಂಡು ಗಾಜಿನ ಬುರುಡೆಯನ್ನಂತೂ ಕೊಳ್ಳಲೇಬೇಡಿ.

2. ನೀರು: ನಲ್ಲಿಯಲ್ಲಿ ಬರುವುದು ತುಂಬೆಯ ನೇತ್ರಾವತಿ ನೀರು, ಕ್ಲೋರಿನ್ ಬೆರೆಸಿದ್ದು. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ಬಿಡಿ, ಇಲ್ಲವೇ ಆ್ಯಂಟಿ-ಕ್ಲೋರಿನ್ ಹನಿ ಹಾಕಿ. ಬಾವಿ ನೀರಾದರೆ ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆಯೇ ಎಂದು ಮನೆಯವರನ್ನು ಕೇಳಿ. ನಮ್ಮ ಮುರಕಲ್ಲು ನೆಲದ ಬಾವಿಗಳಲ್ಲಿ ಹುಳಿ ಅಂಶ ಹೆಚ್ಚು. ಕುದಿಸಿ ತೊಳೆದ ನಾಲ್ಕಾರು ಮರುವಾಯಿ ಚಿಪ್ಪು ಟ್ಯಾಂಕಿನಲ್ಲಿಟ್ಟರೆ ಅದು ತಗ್ಗುತ್ತದೆ. ಮೋಲಿ, ಗಪ್ಪಿಗಳಿಗೆ ಇದು ಒಗ್ಗುತ್ತದೆ.

3. ಖಾಲಿ ಓಟ: ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವೆರಡೂ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಫಿಲ್ಟರ್ ಹಗಲಿರುಳು ಓಡಲಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಕಂಡರೆ ಟ್ಯಾಂಕ್ ಸಿದ್ಧ. ಸ್ನೇಹಿತರ ಹಳೇ ಟ್ಯಾಂಕಿನ ಕೊಳಕು ಸ್ಪಂಜು ಸಿಕ್ಕಿದರೆ ಕೆಲಸ ಬೇಗ ಆಗುತ್ತದೆ.

4. ಮೀನು: ಗಪ್ಪಿ, ಪ್ಲಾಟಿ, ಮೋಲಿಯಿಂದ ಶುರುಮಾಡಿ. ಗೋಲ್ಡ್‌ಫಿಶ್ ಅರ್ಧ ಅಡಿ ಬೆಳೆಯುತ್ತದೆ, ಕೊಳೆ ಹೆಚ್ಚು, ತಂಪು ಬೇಡುತ್ತದೆ. ನಮ್ಮ ಏಪ್ರಿಲ್ ಸೆಕೆ ಅದಕ್ಕೆ ಹಿಂಸೆ. ಮೊದಲು ನಾಲ್ಕೇ ಮೀನು ತನ್ನಿ. ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಬೆರೆಸಿ, ಬಲೆಯಲ್ಲಿ ಮೀನನ್ನಷ್ಟೇ ಬಿಡಿ.

5. ಭಾನುವಾರದ ತೊಳೆತ: ಅತಿ ಹೆಚ್ಚು ಮೀನು ಸಾಯುವುದು ಇಲ್ಲಿ. ರಜೆ ಸಿಕ್ಕಿತೆಂದು ನೀರೆಲ್ಲ ಚೆಲ್ಲುತ್ತಾರೆ, ಕಲ್ಲು ಉಜ್ಜುತ್ತಾರೆ, ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡುತ್ತಾರೆ. ಆ ಬ್ಯಾಕ್ಟೀರಿಯಾ ಮನೆ ಮಾಡಿದ್ದು ಆ ಸ್ಪಂಜಿನಲ್ಲೇ, ಆ ಕಲ್ಲಿನ ಮೇಲೆಯೇ. ಕ್ಲೋರಿನ್ ತಗಲಿದರೆ ಒಂದು ತಿಂಗಳ ಸಾಕಣೆ ನೀರುಪಾಲು. ಸೋಮವಾರ ಟ್ಯಾಂಕ್ ಫಳಫಳ ಹೊಳೆಯುತ್ತದೆ. ಬುಧವಾರದ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ, ಕಿವಿರು ಕೆಂಪಗೆ ಉರಿದಿರುತ್ತದೆ. ಆಗ ಔಷಧಿ ಸುರಿಯುವುದು ಎರಡನೇ ತಪ್ಪು.

ಸರಿಯಾದ ರೀತಿ ಇದು: ವಾರಕ್ಕೊಮ್ಮೆ ಪೈಪಿನಿಂದ ತಳದ ಕೊಳೆ ಸೇರಿಸಿ ಕಾಲು ಭಾಗ ನೀರು ಮಾತ್ರ ಎಳೆಯಿರಿ. ಹಾಗೆ ತೆಗೆದ ನೀರಿನ ಬಕೆಟ್‌ನಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿ, ಕಂದು ಬಣ್ಣ ಉಳಿದರೂ ಹಾಗೇ ಇಡಿ. ಕ್ಲೋರಿನ್ ಹೋದ ನೀರು ತುಂಬಿಸಿ.

ಉಳಿದದ್ದು ಚುಟುಕಾಗಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಮಳೆಗಾಲದ ಕರೆಂಟು ಕಡಿತಕ್ಕೆ ಬ್ಯಾಟರಿ ಏರ್‌ಪಂಪ್. ಸಾಕಲಾಗದಿದ್ದರೆ ಮೀನನ್ನು ಅಂಗಡಿಗೋ ಸಾಕುವವರಿಗೋ ಕೊಡಿ. ಗುಜ್ಜರಕೆರೆಗಾಗಲಿ ಹೊಳೆಗಾಗಲಿ ಖಂಡಿತ ಬಿಡಬೇಡಿ, ಸಕ್ಕರ್‌ನಂಥ ಹೊರನಾಡಿನ ಮೀನು ಅಲ್ಲಿ ಬೇರೂರಿದರೆ ನಮ್ಮ ಊರ ಮೀನುಗಳಿಗೆ ಉಳಿಗಾಲವಿಲ್ಲ.