ಅಮೆಜಾನ್ ಅರಣ್ಯದ ನಶ್ಯ

ನಶ್ಯವೆಂಬುದು ನಮ್ಮ ನಾಡಿನವರಿಗೆ ಹೊಸ ವಸ್ತುವಲ್ಲ. ಪುಟ್ಟ ಡಬ್ಬಿಯಿಂದ ಒಂದು ಚಿಟಿಕೆ ಪುಡಿಯನ್ನು ತೆಗೆದು ಮೂಗಿಗೇರಿಸಿ, ಅನಂತರ ಪಂಚೆಯ ತುದಿಯಿಂದ ಮೂಗನ್ನೊರಸಿಕೊಳ್ಳುತ್ತಿದ್ದ ವೃದ್ಧರನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆದರೆ ಈ ಅಭ್ಯಾಸದ ತವರು ನಮ್ಮ ದೇಶವಲ್ಲ. ಹೊಗೆಸೊಪ್ಪಿನ ಗಿಡವು ಹುಟ್ಟಿದ್ದು ದಕ್ಷಿಣ ಅಮೆರಿಕ ಖಂಡದಲ್ಲಿ. ಅದನ್ನು ಪುಡಿಮಾಡಿ ಮೂಗಿನಿಂದ ಸೇದುವುದನ್ನು ಜಗತ್ತಿಗೆ ಕಲಿಸಿದವರೂ ಅಮೆರಿಕದ ಮೂಲನಿವಾಸಿಗಳೇ. ಪೋರ್ಚುಗಲ್ ದೇಶದಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೊ ಎಂಬಾತನು 1560ರ ಸುಮಾರಿನಲ್ಲಿ ಹೊಗೆಸೊಪ್ಪನ್ನು ತನ್ನ ಅರಮನೆಗೆ ಔಷಧವೆಂದು ಕಳುಹಿಸಿಕೊಟ್ಟನು. 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮಾನ್ ಎಂಬವರು ಆ ಸೊಪ್ಪಿನ ಸತ್ತ್ವವನ್ನು ಬೇರ್ಪಡಿಸಿದರು. ಅದಕ್ಕೆ ನಿಕೊಟೀನ್ ಎಂಬ ಹೆಸರು ಬಂದದ್ದು ಆ ರಾಯಭಾರಿಯಿಂದಲೇ.

ಯೂರೋಪನ್ನು ಸೇರಿದ ನಶ್ಯವು ಸಿರಿವಂತರ ಷೋಕಿಯಾಯಿತು. ಅಲ್ಲಿಂದ ಹರಡಿ ಚಟವಾಯಿತು. ಅದರ ತವರಾದ ಅಮೆಜಾನ್ ಅರಣ್ಯದಲ್ಲಿಯಾದರೋ ಅದು ಪೂಜೆಯ ಸಾಧನ, ಬೇಟೆಯ ಸಿದ್ಧತೆ, ವೈದ್ಯನ ಉಪಕರಣ. ಒಂದೇ ಪುಡಿಯು ಒಂದು ಕಡೆ ಚಟವೂ ಮತ್ತೊಂದು ಕಡೆ ಮದ್ದೂ ಆದುದು ಹೇಗೆ? ಈ ಪ್ರಶ್ನೆಯನ್ನು ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಮಾನವಶಾಸ್ತ್ರ ಈ ಮೂರರ ನೆರವಿನಿಂದ ವಿಚಾರಮಾಡೋಣ.

ಎರಡು ಬಗೆಯ ನಶ್ಯಗಳು

ಅಮೆಜಾನ್ ಪ್ರದೇಶದ ನಶ್ಯಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಹೊಗೆಸೊಪ್ಪಿನಿಂದಾದುದು. ಬ್ರೆಜಿಲ್ ದೇಶದ ಪಶ್ಚಿಮದ ಅಂಚಿನ ಆಕ್ರೆ ರಾಜ್ಯದಲ್ಲಿ ವಾಸಿಸುವ ಹುನಿ ಕುಯಿನ್, ಯಾವನಾವ ಮೊದಲಾದ ಜನಾಂಗಗಳಲ್ಲಿ ಇದು ಬಳಕೆಯಲ್ಲಿದೆ. ಹೊರಗಿನವರು ಇದನ್ನು 'ರಪೆ' ಎಂದು ಬರೆದು 'ಹಪೆ' ಎಂದು ಉಚ್ಚರಿಸುತ್ತಾರೆ. 'ತುರಿದದ್ದು' ಎಂಬ ಅರ್ಥವುಳ್ಳ ಫ್ರೆಂಚ್ ಪದವೇ ಇದರ ಮೂಲ. ಒಣಗಿದ ಸೊಪ್ಪನ್ನು ನುಣ್ಣಗೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಗೊತ್ತಾದ ಮರಗಳ ತೊಗಟೆಯನ್ನು ಸುಟ್ಟ ಬೂದಿಯನ್ನು ಅದಕ್ಕೆ ಬೆರೆಸುತ್ತಾರೆ. ಯಾವ ಮರದ ಬೂದಿ, ಎಷ್ಟು ಪಾಲು ಎಂಬುದು ಜನಾಂಗದಿಂದ ಜನಾಂಗಕ್ಕೆ ಬೇರೆಯಾಗಿರುತ್ತದೆ.

ಈ ನಶ್ಯವನ್ನು ನಮ್ಮವರಂತೆ ಬೆರಳಿನಿಂದ ಸೇದುವುದಿಲ್ಲ. ಕೊಳವೆಯ ಮೂಲಕ ಊದುತ್ತಾರೆ. 'ತೆಪಿ' ಎಂಬ ನೀಳವಾದ ಕೊಳವೆಯ ಒಂದು ತುದಿ ಊದುವವನ ಬಾಯಲ್ಲಿ, ಇನ್ನೊಂದು ತುದಿ ಸ್ವೀಕರಿಸುವವನ ಮೂಗಿನಲ್ಲಿ ಇರುತ್ತದೆ. ತನಗೆ ತಾನೇ ಊದಿಕೊಳ್ಳಲು 'ಕುರಿಪೆ' ಎಂಬ ಗಿಡ್ಡವಾದ, ಮಡಿಸಿದಂತಿರುವ ಕೊಳವೆಯುಂಟು. ತೆಪಿಯಿಂದ ಬರುವುದು ಬರಿಯ ಪುಡಿಯಲ್ಲ, ಊದುವವನ ಉಸಿರು ಮತ್ತು ಸಂಕಲ್ಪಗಳೂ ಅದರೊಡನೆ ಬರುತ್ತವೆ ಎಂಬುದು ಅವರ ನಂಬಿಕೆ. ಆದುದರಿಂದ ಯಾರು ಬೇಕಾದರೂ ಯಾರಿಗೆ ಬೇಕಾದರೂ ಊದುವಂತಿಲ್ಲ.

ಎರಡನೆಯ ವರ್ಗದ ನಶ್ಯಗಳು ಇದಕ್ಕಿಂತ ಬಹು ತೀವ್ರವಾದುವು, ಸೇವಿಸಿದವನಿಗೆ ದರ್ಶನಗಳನ್ನುಂಟುಮಾಡುವಂಥವು. ಇವುಗಳಲ್ಲಿ 'ಯೋಪೋ' ಎಂಬುದು ಅನಡೆನಾಂಥೆರ ಪೆರೆಗ್ರಿನ ಎಂಬ ಮರದ ಬೀಜದಿಂದ ಆಗುತ್ತದೆ. ನಮ್ಮ ಜಾಲಿಮರಕ್ಕೂ ಮುಟ್ಟಿದರೆ ಮುನಿಗೂ ಈ ಮರವು ಹತ್ತಿರದ ನೆಂಟ. ಬೀಜಗಳನ್ನು ಹುರಿದು, ಅರೆದು, ಬಸವನಹುಳುವಿನ ಚಿಪ್ಪನ್ನು ಸುಟ್ಟ ಸುಣ್ಣವನ್ನೋ ಬೂದಿಯನ್ನೋ ಕೂಡಿಸಿ ಪುಡಿಮಾಡುತ್ತಾರೆ. ಮತ್ತೊಂದು ವಿರೋಲಾ ಎಂಬ ಮರಗಳ ತೊಗಟೆಯದು. ಬ್ರೆಜಿಲ್ ಮತ್ತು ವೆನೆಜುವೆಲ ದೇಶಗಳ ಗಡಿಯ ಕಾಡಿನಲ್ಲಿರುವ ಯಾನೊಮಾಮಿ ಜನರು ಇದನ್ನು 'ಯಾಕೊಅನ' ಎನ್ನುತ್ತಾರೆ. ಆಡುಸೋಗೆಯ ಜಾತಿಗೆ ಸೇರಿದ ಒಂದು ಸುವಾಸನೆಯ ಗಿಡದ ಎಲೆಯನ್ನೂ ಇದಕ್ಕೆ ಬೆರೆಸುವ ರೂಢಿಯುಂಟು.

ವಿರೋಲಾ ಮರವು ಜಾಯಿಕಾಯಿಯ ಕುಟುಂಬಕ್ಕೆ ಸೇರಿದುದು. ಉತ್ತರ ಕನ್ನಡ ಜಿಲ್ಲೆಯ ಜೌಗುಗಾಡುಗಳಲ್ಲಿ ಬೆಳೆಯುವ ಕಾಡು ಜಾಯಿಕಾಯಿಯ ಮರಗಳೂ ಪಶ್ಚಿಮ ಘಟ್ಟಗಳ ರಾಮಪತ್ರೆಯೂ ಇದೇ ಕುಟುಂಬದವು. ಈ ಮರಗಳ ತೊಗಟೆಯನ್ನು ಕಚ್ಚು ಮಾಡಿದರೆ ಕೆಂಪಾದ ರಸ ಒಸರುತ್ತದೆ. ಆದರೆ ಕುಟುಂಬ ಒಂದೇ ಎಂದ ಮಾತ್ರಕ್ಕೆ ಗುಣವೂ ಒಂದೇ ಎಂದು ಭಾವಿಸಬಾರದು. ಜಾಯಿಕಾಯಿಯಲ್ಲಿರುವ ಸತ್ತ್ವಗಳೇ ಬೇರೆ, ವಿರೋಲಾ ತೊಗಟೆಯವೇ ಬೇರೆ.

ವಿಜ್ಞಾನಿಗಳು ಕಂಡ ಬಗೆ

ಈ ಪುಡಿಗಳ ಗುರುತನ್ನು ಹಿಡಿಯಲು ಹೊರಗಿನವರಿಗೆ ಶತಮಾನಗಳೇ ಹಿಡಿದುವು. ಕೊಲಂಬಸನ ಎರಡನೆಯ ಯಾನದ ಕಾಲದಲ್ಲಿ ಹಿಸ್ಪಾನಿಯೋಲ ದ್ವೀಪದಲ್ಲಿ ನೆಲೆಸಿದ ರಾಮೋನ್ ಪಾನೆ ಎಂಬ ಸಂನ್ಯಾಸಿಯು, ಅಲ್ಲಿಯ ಟೈನೋ ಜನರು 'ಕೊಹೋಬ' ಎಂಬ ಪುಡಿಯನ್ನು ಸೇದಿ ತಮ್ಮ ದೇವತೆಗಳೊಡನೆ ಮಾತನಾಡುವರೆಂದು ಬರೆದಿಟ್ಟನು. ಇದು ಹೊಗೆಸೊಪ್ಪಿನ ಪುಡಿಯೇ ಇರಬೇಕೆಂದು ಪಂಡಿತರು ಬಹುಕಾಲ ನಂಬಿದ್ದರು. 1916ರಲ್ಲಿ ವಿಲಿಯಂ ಸ್ಯಾಫರ್ಡ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞನು ಅದು ಯೋಪೋ ಮರದ ಬೀಜದ ನಶ್ಯವೆಂದು ತೋರಿಸಿಕೊಟ್ಟನು.

1800ರಲ್ಲಿ ಒರಿನೋಕೋ ನದಿಯ ಪ್ರದೇಶದಲ್ಲಿ ಸಂಚರಿಸಿದ ಜರ್ಮನಿಯ ಅಲೆಕ್ಸಾಂಡರ್ ಹಂಬೋಲ್ಟನು ಯೋಪೋ ತಯಾರಿಸುವುದನ್ನು ಕಣ್ಣಾರೆ ಕಂಡನು. ಆದರೆ ಪುಡಿಯ ಶಕ್ತಿಯೆಲ್ಲವೂ ಹೊಸದಾಗಿ ಸುಟ್ಟ ಸುಣ್ಣದ್ದೇ ಹೊರತು ಬೀಜದ್ದಲ್ಲವೆಂದು ಆತನು ತೀರ್ಮಾನಿಸಿದನು. 1854ರಲ್ಲಿ ಅದೇ ನದಿಯ ಮೈಪುರೆಸ್ ಎಂಬಲ್ಲಿ ಇಂಗ್ಲೆಂಡಿನ ರಿಚರ್ಡ್ ಸ್ಪ್ರೂಸ್ ಗುವಾಹಿಬೋ ಜನರಿಂದ ನಶ್ಯದ ಉಪಕರಣಗಳನ್ನು ಪಡೆದು, ಬೀಜಗಳನ್ನೂ ಸಂಗ್ರಹಿಸಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳುಹಿಸಿದನು. ನಮ್ಮ ನೆರೆಯ ನೀಲಗಿರಿಯ ಸಿಂಕೋನ ತೋಟಗಳಿಗಾಗಿ 1860ರಲ್ಲಿ ಈಕ್ವಡಾರ್ ದೇಶದಿಂದ ಬೀಜಗಳನ್ನು ಕೂಡಿಸಿಕೊಟ್ಟವನೂ ಈತನೇ. ಆ ಯೋಪೋ ಬೀಜಗಳು ನೂರಿಪ್ಪತ್ತು ವರ್ಷಗಳಿಗೂ ಮಿಕ್ಕು ಕಾಲ ಹಾಗೆಯೇ ಇದ್ದುವು! ಅವುಗಳ ಪರೀಕ್ಷೆಯ ಫಲಿತಾಂಶವು ಪ್ರಕಟವಾದುದು 1977ರಲ್ಲಿ. ಬುಫೊಟೆನೀನ್ ಎಂಬ ಸಸ್ಯಕ್ಷಾರವು ಅವುಗಳಲ್ಲಿ ಇನ್ನೂ ಉಳಿದಿತ್ತು. ವಿರೋಲಾ ನಶ್ಯದ ತಯಾರಿಕೆಯನ್ನು ಕೊಲಂಬಿಯದ ಕಾಡಿನಲ್ಲಿ ಕಂಡು 1954ರಲ್ಲಿ ವಿವರವಾಗಿ ಪ್ರಕಟಿಸಿದವನು ರಿಚರ್ಡ್ ಶುಲ್ಟೆಸ್. ಆ ತೊಗಟೆಯಲ್ಲಿ ಡಿ.ಎಂ.ಟಿ. ಮತ್ತು ಅದರ ಸೋದರ ಸಂಯುಕ್ತಗಳಿವೆಯೆಂಬುದು ಅನಂತರ ಸಿದ್ಧವಾಯಿತು.

ಬೂದಿಯ ಗುಟ್ಟು

ಹಂಬೋಲ್ಟನು ಬೀಜವನ್ನು ಕಡೆಗಣಿಸಿ ಸುಣ್ಣಕ್ಕೆ ಎಲ್ಲ ಕೀರ್ತಿಯನ್ನೂ ಕೊಟ್ಟನು. ಹಾಗಾದರೆ ಬೂದಿಯಿಂದಲೂ ಸುಣ್ಣದಿಂದಲೂ ಪ್ರಯೋಜನವೇ ಇಲ್ಲವೇ? ಖಂಡಿತವಾಗಿಯೂ ಉಂಟು.

ನಿಕೊಟೀನ್ ಮೊದಲಾದ ಸಸ್ಯಕ್ಷಾರಗಳು ಎಲೆಯೊಳಗೆ ಸಾಮಾನ್ಯವಾಗಿ ಆಮ್ಲಗಳೊಡನೆ ಕೂಡಿಕೊಂಡು ಲವಣರೂಪದಲ್ಲಿರುತ್ತವೆ. ಲವಣವು ತೇವದಲ್ಲಿ ಕರಗಿದಾಗ ಅದರ ಕಣಗಳು ವಿದ್ಯುದಂಶವನ್ನು ಹೊತ್ತಿರುತ್ತವೆ. ಮೂಗಿನ ಒಳಮೈಯ ಲೋಳೆಪೊರೆಯ ಜೀವಕೋಶಗಳಿಗಾದರೋ ಮೇದಸ್ಸಿನ ಹೊದಿಕೆಯಿದೆ. ವಿದ್ಯುದಂಶವುಳ್ಳ ಕಣಗಳು ಅದನ್ನು ಸುಲಭವಾಗಿ ದಾಟಲಾರವು. ಪುಡಿಗೆ ಬೂದಿಯನ್ನು ಸೇರಿಸಿದರೆ, ಬೂದಿಯಲ್ಲಿನ ಪೊಟ್ಯಾಸಿಯಂ ಕಾರ್ಬೊನೇಟ್ ಮುಂತಾದ ಕ್ಷಾರಗಳು ಆ ಆಮ್ಲವನ್ನು ತಾವು ಹಿಡಿದುಕೊಂಡು ನಿಕೊಟೀನನ್ನು ಬಿಡುಗಡೆ ಮಾಡುತ್ತವೆ. ಬಿಡುಗಡೆಯಾದ ಕಣಗಳಿಗೆ ವಿದ್ಯುದಂಶವಿಲ್ಲ. ಅವು ಪೊರೆಯನ್ನು ಬೇಗನೆ ದಾಟಿ ರಕ್ತವನ್ನು ಸೇರುತ್ತವೆ.

ಇದನ್ನು ಲೆಕ್ಕದಿಂದಲೂ ತಿಳಿಯಬಹುದು. ಆಮ್ಲತೆಯ ಮಾನವಾದ ಪಿ.ಎಚ್. ಸುಮಾರು 8 ಆಗಿರುವಾಗ ನಿಕೊಟೀನಿನ ಅರ್ಧಪಾಲು ಬಿಡುಗಡೆಯಾಗಿರುತ್ತದೆ. ಪಿ.ಎಚ್. 6ಕ್ಕೆ ಇಳಿದರೆ ನೂರರಲ್ಲಿ ಒಂದು ಪಾಲು ಮಾತ್ರ. 10ಕ್ಕೆ ಏರಿದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು! ಸೊಪ್ಪು ಅದೇ, ತೂಕವೂ ಅದೇ. ಬೂದಿಯೊಂದರಿಂದಲೇ ಪರಿಣಾಮವು ಅಷ್ಟು ಬದಲಾಗುತ್ತದೆ. ನಮ್ಮಲ್ಲಿ ಹೊಗೆಸೊಪ್ಪನ್ನು ಅಂಗೈಯಲ್ಲಿ ಸುಣ್ಣದೊಡನೆ ಉಜ್ಜಿ ಬಾಯಿಗೆ ಹಾಕಿಕೊಳ್ಳುವವರು ಮಾಡುವುದೂ ಇದೇ ಪ್ರಯೋಗವನ್ನು. ಸಾಗರಗಳು ನಡುವೆ ಇದ್ದರೂ ರಸಾಯನಶಾಸ್ತ್ರದ ನಿಯಮವು ಒಂದೇ.

ದರ್ಶನದ ನಶ್ಯಗಳ ವಿಷಯದಲ್ಲಿ ಮೂಗಿನ ಮಾರ್ಗಕ್ಕೆ ಮತ್ತೊಂದು ಮಹತ್ತ್ವವಿದೆ. ಡಿ.ಎಂ.ಟಿ.ಯನ್ನು ನುಂಗಿದರೆ ಕರುಳಿನಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಇರುವ ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವು ಅದನ್ನು ಒಡೆದು ನಿಷ್ಫಲಗೊಳಿಸುತ್ತದೆ. ಮೂಗಿನಿಂದ ಹೋದದ್ದಾದರೋ ಆ ಕಾವಲನ್ನು ತಪ್ಪಿಸಿಕೊಂಡು ಕೆಲವೇ ನಿಮಿಷಗಳಲ್ಲಿ ಮಿದುಳನ್ನು ತಲುಪುತ್ತದೆ. ಕಿಣ್ವವೆಂಬ ಮಾತನ್ನು ಕೇಳದ ವನವಾಸಿಗಳು ಸಾವಿರಾರು ಸಸ್ಯಗಳ ನಡುವೆ ಇಂಥವನ್ನು ಆರಿಸಿ, ಇಂಥ ಮಾರ್ಗವನ್ನೇ ಹಿಡಿದುದು ತಲೆಮಾರುಗಳ ಪರೀಕ್ಷೆಯ ಫಲವೆಂಬುದರಲ್ಲಿ ಸಂದೇಹವಿಲ್ಲ.

ಮದ್ದು ಯಾರಿಗೆ?

ಈಗ ಚಿಕಿತ್ಸೆಯ ವಿಷಯಕ್ಕೆ ಬರೋಣ. ಹೊಗೆಸೊಪ್ಪಿನ ನಶ್ಯವನ್ನು ನೆಗಡಿ, ತಲೆನೋವು, ಆಯಾಸಗಳಿಗೆ ಕೊಡುವುದುಂಟು. ಬೇಟೆಗಾರನಿಗೆ ಮೇಲಿಂದ ಮೇಲೆ ಬೇಟೆ ತಪ್ಪಿದರೆ ಅವನಿಗೆ 'ಪನೆಮ' ಎಂಬ ಜಡತ್ವ ಅಂಟಿದೆಯೆಂದು ಬಗೆದು, ಅದನ್ನು ಹೋಗಲಾಡಿಸಲೂ ನಶ್ಯವನ್ನು ಊದುತ್ತಾರೆ. ನಿಕೊಟೀನ್ ಎಚ್ಚರವನ್ನು ಹರಿತಗೊಳಿಸಿ ಹಸಿವನ್ನು ಅಡಗಿಸುವ ವಸ್ತುವಾದುದರಿಂದ ಈ ಆಚಾರದ ಒಂದಂಶವು ನಮಗೂ ಅರ್ಥವಾಗುವಂತಿದೆ.

ಯಾನೊಮಾಮಿ ಜನರ ಕ್ರಮವು ಬೇರೆ. ಅಲ್ಲಿ ರೋಗಿಯು ಮಲಗಿರುತ್ತಾನೆ. ಯಾಕೊಅನವನ್ನು ಸೇವಿಸುವವನು ವೈದ್ಯನು! ಅವರ ನಂಬಿಕೆಯಂತೆ ಕಾಡಿನಲ್ಲಿ 'ಶಪಿರಿ' ಎಂಬ ಚೇತನಗಳಿವೆ. ಇವು ಆದಿಕಾಲದ ಪ್ರಾಣಿಪೂರ್ವಜರ ರೂಪಗಳು. ಬೆಳಕಿನಂತೆ ಹೊಳೆಯುತ್ತಾ, ಹಾಡುತ್ತಾ, ಕುಣಿಯುತ್ತಾ ಇಳಿದುಬರುತ್ತವೆ. ಯಾಕೊಅನವು ಅವುಗಳ ಆಹಾರ. ವೈದ್ಯನ ಮೂಲಕ ಅವು ಅದನ್ನು ಉಣ್ಣುತ್ತವೆ. ರೋಗವನ್ನುಂಟುಮಾಡಿದ ದುಷ್ಟಶಕ್ತಿಯೊಡನೆ ಹೋರಾಡಿ ರೋಗಿಯ ಪ್ರಾಣವನ್ನು ಬಿಡಿಸಿ ತರುವುವು ಶಪಿರಿಗಳೇ. ಈ ವಿದ್ಯೆಯನ್ನು ಕಲಿಯುವ ತರುಣನು ಹಿರಿಯರು ಊದಿದ ಪುಡಿಯನ್ನು ಹಲವು ದಿನಗಳವರೆಗೆ ಸೇವಿಸುತ್ತಾ, ಆಹಾರವನ್ನು ತೊರೆದು, ಹಾಡುಗಳನ್ನು ಕಲಿಯಬೇಕು. ಈ ಲೋಕವನ್ನು ಡಾವಿ ಕೊಪೆನಾವ ಎಂಬ ಯಾನೊಮಾಮಿ ವೈದ್ಯನೇ ವಿವರಿಸಿದ ಗ್ರಂಥವು ಮಾನವಶಾಸ್ತ್ರಜ್ಞ ಬ್ರೂಸ್ ಆಲ್ಬರ್ಟರ ಸಹಕಾರದಿಂದ 2010ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು.

ಇದರಿಂದ ರೋಗ ವಾಸಿಯಾಗುವುದೇ? ತನ್ನವರೆಲ್ಲರೂ ಸುತ್ತ ನೆರೆದು, ವೈದ್ಯನು ತನಗಾಗಿ ಗಂಟೆಗಟ್ಟಲೆ ಹಾಡಿ ಹೆಣಗಾಡುವುದನ್ನು ಕಾಣುವ ರೋಗಿಗೆ ಧೈರ್ಯವೂ ನೆಮ್ಮದಿಯೂ ದೊರೆಯುವುದು ಸಹಜ. ನೋವು, ಭಯ, ದುಃಖಗಳು ಇದರಿಂದ ತಗ್ಗಬಲ್ಲವು. ಆದರೆ ಹೊರಗಿನಿಂದ ಬಂದ ದಡಾರದ ವಿಷಾಣುವನ್ನಾಗಲಿ ಮಲೇರಿಯದ ಸೂಕ್ಷ್ಮಜೀವಿಯನ್ನಾಗಲಿ ಅದು ಕೊಲ್ಲಲಾರದು. ಇಪ್ಪತ್ತನೆಯ ಶತಮಾನದಲ್ಲಿ ಆ ರೋಗಗಳಿಂದ ಯಾನೊಮಾಮಿಗಳ ಊರುಗಳೇ ಬರಿದಾದುವು. ತಮ್ಮ ಹಾಡಿಗೆ ಮಣಿಯದ ರೋಗಗಳಿವೆಯೆಂಬುದನ್ನು ಅವರೂ ಬಲ್ಲರು. ಆದುದರಿಂದಲೇ ತಮ್ಮ ವೈದ್ಯರ ಜೊತೆಗೆ ಲಸಿಕೆಯೂ ಗುಳಿಗೆಯೂ ಬೇಕೆಂದು ಕೇಳುತ್ತಾರೆ.

ಕಾಡಿನಿಂದ ಅಂಗಡಿಗೆ

ಇತ್ತೀಚಿನ ದಶಕಗಳಲ್ಲಿ ರಪೆಯು ಸೀಸೆಗಳನ್ನು ಸೇರಿ ದೂರದ ನಗರಗಳಲ್ಲಿ 'ನಿಸರ್ಗದ ಮದ್ದು' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ವಿದ್ಯಾರ್ಥಿಗಳು ಇಲ್ಲಿ ಎಚ್ಚರದಿಂದಿರಬೇಕು. 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಂತೆ ರಪೆಯ ಬೇರೆ ಬೇರೆ ಮಾದರಿಗಳಲ್ಲಿ ಒಂದು ಗ್ರಾಮಿಗೆ ಸುಮಾರು 6ರಿಂದ 47 ಮಿಲಿಗ್ರಾಂವರೆಗೆ ನಿಕೊಟೀನ್ ಇದ್ದಿತು, ಕೆಲವುಗಳ ಪಿ.ಎಚ್. 10ನ್ನೂ ಮೀರಿತ್ತು. ಅಂದರೆ ಒಂದು ಸೀಸೆಯ ಚಿಟಿಕೆಗೂ ಇನ್ನೊಂದರ ಚಿಟಿಕೆಗೂ ಹೋಲಿಕೆಯೇ ಇಲ್ಲ. ನಿಕೊಟೀನ್ ಬಲವಾದ ವಿಷ. ತಲೆಸುತ್ತು ಮತ್ತು ವಾಂತಿಗಳಿಗೆ ಕಾರಣ, ಚಟಕ್ಕೆ ಮೂಲ. ಡಿ.ಎಂ.ಟಿ.ಯಾದರೋ ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯಲ್ಲಿ ನಿಷಿದ್ಧವಾದ ವಸ್ತುಗಳ ಪಟ್ಟಿಯಲ್ಲಿದೆ. ಕಾಡಿನಲ್ಲಿ ಈ ಪುಡಿಗಳ ಸುತ್ತ ಉಪವಾಸ, ಹಾಡು, ಗುರು, ನಿಷೇಧ ಎಂಬ ಬೇಲಿಗಳಿವೆ. ಎಷ್ಟು, ಯಾವಾಗ, ಯಾರಿಂದ ಎಂಬುದಕ್ಕೆ ಕಟ್ಟಳೆಯಿದೆ. ಅಂಗಡಿಯ ಸೀಸೆಯಲ್ಲಿ ಆ ಬೇಲಿಗಳಾವುವೂ ಬರುವುದಿಲ್ಲ, ಬರುವುದು ವಿಷವೊಂದೇ. ಯೂರೋಪಿನಲ್ಲಿ ನಶ್ಯವು ಚಟವಾದುದಕ್ಕೂ ಕಾರಣ ಇದೇ ಅಲ್ಲವೇ?

ಇನ್ನೊಂದು ಕಡೆ, ಈ ವಿದ್ಯೆಯನ್ನು ಉಳಿಸಿಕೊಂಡ ಜನರ ನೆಲವೇ ಅಪಾಯದಲ್ಲಿದೆ. ಬ್ರೆಜಿಲ್ ಸರ್ಕಾರವು 1992ರಲ್ಲಿ ಸುಮಾರು 96 ಲಕ್ಷ ಹೆಕ್ಟೇರುಗಳ ಅರಣ್ಯವನ್ನು ಯಾನೊಮಾಮಿಗಳದೆಂದು ಗುರುತಿಸಿತು. ಆದರೂ ಚಿನ್ನ ತೋಡುವವರು ಕಾನೂನನ್ನು ಮೀರಿ ನುಗ್ಗಿದರು. ಪಾದರಸವು ನದಿಗಳನ್ನೂ ಮೀನುಗಳನ್ನೂ ಸೇರಿತು. ಮಲೇರಿಯವೂ ಹಸಿವೂ ಹಬ್ಬಿದುವು. 2023ರ ಜನವರಿಯಲ್ಲಿ ಸರ್ಕಾರವು ಅಲ್ಲಿ ಆರೋಗ್ಯದ ತುರ್ತುಪರಿಸ್ಥಿತಿಯನ್ನು ಘೋಷಿಸಬೇಕಾಯಿತು.

ವಿಜ್ಞಾನದ ವಿದ್ಯಾರ್ಥಿಗೆ ಈ ವಿಷಯದಿಂದ ಎರಡು ಪಾಠಗಳಿವೆ. ಸುಣ್ಣವನ್ನು ಮಾತ್ರ ಕಂಡು ಬೀಜವನ್ನು ಮರೆತದ್ದು ಒಂದು ಬಗೆಯ ಅರೆನೋಟ; ಸತ್ತ್ವವನ್ನು ಮಾತ್ರ ಕಂಡು ಅದರ ಸುತ್ತಣ ಆಚಾರವನ್ನು ಮರೆಯುವುದು ಇನ್ನೊಂದು ಬಗೆಯದು. ಮರ, ಬೂದಿ, ಉಸಿರು, ಹಾಡು ಇವೆಲ್ಲವೂ ಕೂಡಿದಾಗಲೇ ಅಮೆಜಾನ್ ಜನರ ನಶ್ಯವು ಪೂರ್ಣವಾಗುತ್ತದೆ. ಅದನ್ನು ಸೇದಿ ನೋಡಬೇಕಾದ ಅಗತ್ಯ ನಮಗಿಲ್ಲ. ಅರಿತು ಗೌರವಿಸಿದರೆ ಸಾಕು. ಆ ಅರಿವು ಮುಂದಿನವರಿಗೂ ದೊರೆಯಬೇಕಾದರೆ ಆ ಕಾಡೂ ಆ ಜನರೂ ಉಳಿಯಬೇಕು.